ಗಂಗಾಮೂಲದ ಮಗಳು: ಪಂಡಿತಾ ರಮಾಬಾಯಿ

ನಮ್ಮ ಊರಮನೆಯ ಗೋಡೆಯ ಮೇಲೊಂದು ಹಳೆಯ ಪಟವಿದೆ. ಅದರಲ್ಲಿ ನನ್ನ ಅಜ್ಜನ ಸೋದರತ್ತೆ ತಲೆಯ ತುಂಬ ಸೆರಗು ಹೊದ್ದು, ಕಣ್ಣು ತಗ್ಗಿಸಿ ಕುಳಿತಿದ್ದಾಳೆ. ಆಕೆ ಬಾಲವಿಧವೆ. ಹಿತ್ತಿಲ ಕೋಣೆಯಲ್ಲಿ ಜೀವ ಸವೆಸಿದಳು. ಮದುವೆ ಮುಂಜಿಗಳಲ್ಲಿ ಯಾರ ಕಣ್ಣಿಗೂ ಬೀಳದಂತೆ ಇದ್ದಳು. ಆಕೆಗೆ ಮನಶ್ಶಾಂತಿ ಇತ್ತೇ ಎಂದು ಯಾರೂ ಕೇಳಿದಂತಿಲ್ಲ. ರಮಾಬಾಯಿಯವರ ಚರಿತ್ರೆಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಆ ಪಟ. ನಾನು ಕ್ರೈಸ್ತನಲ್ಲ, ಆದರೂ ಈ ಕಥೆಯನ್ನು ಹೇಳದೆ ಇರಲಾರೆ.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ನಮ್ಮ ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಘನವಿದ್ವಾಂಸರು. ಹೆಂಡತಿ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತ ಕಲಿಸಿದ್ದು ಬಂಧುಬಳಗಕ್ಕೆ ಸಹಿಸದಾಯಿತು. ಊರಿನ ಗೊಡವೆಯೇ ಬೇಡವೆಂದು ಅವರು ಕಾಡಿನಲ್ಲಿ ಮನೆ ಕಟ್ಟಿ ಶಿಷ್ಯರಿಗೆ ಪಾಠ ಹೇಳುತ್ತಿದ್ದರು. ಮಗುವಿಗೆ ಆರು ತಿಂಗಳಾದಾಗ ಆ ಮನೆಯನ್ನೂ ಬಿಡಬೇಕಾಯಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿ ಘಟ್ಟ ಇಳಿದ ಆ ಕೂಸಿಗೆ ಮುಂದೆ ಬಹುಕಾಲ ನೆಲೆಯೆಂಬುದು ದೊರೆಯಲಿಲ್ಲ.

ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಅಲೆಯುವುದೇ ಆ ಕುಟುಂಬದ ಜೀವನವಾಯಿತು. ರಮಾಬಾಯಿಗೆ ತಾಯಿಯೇ ಗುರು. 1870ರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಒಬ್ಬರ ಹಿಂದೊಬ್ಬರು ತೀರಿಕೊಂಡರು. ಉಳಿದವರು ಅಣ್ಣ ಶ್ರೀನಿವಾಸ ಮತ್ತು ಇವರು. ಇಬ್ಬರೂ ಉತ್ತರದೇಶದವರೆಗೆ ಕಾಲ್ನಡಿಗೆಯಲ್ಲಿ ಹೋದರು. ಚಳಿಯ ರಾತ್ರಿಗಳಲ್ಲಿ ಮರಳಿನಲ್ಲಿ ಗುಂಡಿ ತೋಡಿ ಮೈಮೇಲೆ ಮರಳು ಮುಚ್ಚಿಕೊಂಡು ಮಲಗಿದ್ದೂ ಉಂಟು. ಎಷ್ಟು ವ್ರತ, ಎಷ್ಟು ದಾನ ಮಾಡಿದರೂ ದೇವರು ಒಲಿಯಲಿಲ್ಲವೆಂಬ ಸಂಶಯ ಅವರ ಮನಸ್ಸಿನಲ್ಲಿ ಆಗಲೇ ಮೊಳೆಯಿತು.

1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಈ ತರುಣಿಯ ಪಾಂಡಿತ್ಯಕ್ಕೆ ಬೆರಗಾಗಿ ಪಂಡಿತಾ, ಸರಸ್ವತೀ ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣನೂ ಹೋದನು. ಅದೇ ವರ್ಷ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರೊಡನೆ ಜಾತಿಯನ್ನು ಮೀರಿ ವಿವಾಹವಾಯಿತು. 1882ರಲ್ಲಿ ಕಾಲರಾ ರೋಗ ಪತಿಯನ್ನೂ ಕೊಂಡೊಯ್ದಿತು. ಇಪ್ಪತ್ತಮೂರರ ವಿಧವೆ, ಕೈಯಲ್ಲಿ ಹಸುಗೂಸು ಮನೋರಮೆ! ಆಕೆ ಕೋಣೆ ಸೇರಲಿಲ್ಲ. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು.

1883ರಲ್ಲಿ ವೈದ್ಯವಿದ್ಯೆ ಕಲಿಯಬೇಕೆಂದು ಅವರು ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾದುದರಿಂದ ಆ ಆಸೆ ಕೈಗೂಡಲಿಲ್ಲ. ಆದರೆ ಅಲ್ಲಿ ದಾರಿ ತಪ್ಪಿದವರೆಂದು ಲೋಕ ದೂರವಿಟ್ಟ ಹೆಂಗಸರನ್ನು ಕ್ರೈಸ್ತ ಸೋದರಿಯರು ಅಕ್ಕರೆಯಿಂದ ಸಾಕುತ್ತಿದ್ದುದನ್ನು ಕಂಡರು. ಬಿದ್ದವರನ್ನು ಎತ್ತುವ ಈ ಕರುಣೆ ಎಲ್ಲಿಂದ ಬಂದಿತೆಂದು ವಿಚಾರಿಸಿದರು. ಬಾವಿಯ ಬಳಿ ಸಮಾರ್ಯದ ಹೆಂಗಸಿನೊಡನೆ ಯೇಸು ಮಾತಾಡಿದ ಕಥೆಯನ್ನು ಅವರಿಗೆ ಹೇಳಿದರು. ಆ ವರ್ಷ ಸೆಪ್ಟೆಂಬರಿನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು. ಹಾಗೆಂದು ಅವರು ತಮ್ಮ ಬುದ್ಧಿಯನ್ನು ಯಾರಿಗೂ ಒಪ್ಪಿಸಲಿಲ್ಲ. ಸಸ್ಯಾಹಾರ ಬಿಡಲಿಲ್ಲ, ಧರ್ಮಗುರುಗಳೊಡನೆ ವಾದಿಸುವುದನ್ನೂ ಬಿಡಲಿಲ್ಲ.

ಅಮೆರಿಕದಲ್ಲಿ ಉಪನ್ಯಾಸಗಳಿಂದ ಹಣ ಕೂಡಿಸಿ ಮರಳಿದ ಅವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮರುವರ್ಷ ಅದು ಪುಣೆಗೆ ಬಂದಿತು. ಧೋಂಡೋ ಕೇಶವ ಕರ್ವೆಯವರ ಕೈಹಿಡಿದ ಗೋದೂಬಾಯಿ ಅಲ್ಲಿಯ ವಿದ್ಯಾರ್ಥಿನಿ. ಆದರೆ ರಮಾಬಾಯಿ ಪ್ರಾರ್ಥಿಸುವಾಗ ಹುಡುಗಿಯರೂ ಬಂದು ಕೂರುತ್ತಾರೆಂಬ ಸುದ್ದಿ ಹಬ್ಬಿತು. 1893ರಲ್ಲಿ ರಾನಡೆ, ಭಂಡಾರ್ಕರರಂಥ ಹಿತೈಷಿಗಳೇ ಸಲಹಾಮಂಡಲಿಯಿಂದ ಹೊರಬಂದರು. ಸದನದಲ್ಲಿ ಮತಬೋಧೆ ಇರದೆಂಬ ಮಾತನ್ನು ನಂಬಿದ್ದವರ ನೋವೂ ಸುಳ್ಳಲ್ಲ. ಮುಚ್ಚದ ಬಾಗಿಲೊಳಗೆ ಪ್ರಾರ್ಥಿಸಿದ ಆಕೆಯ ಹಟವೂ ಸುಳ್ಳಲ್ಲ. ಎರಡನ್ನೂ ತೂಗಿ ನೋಡಿದವರಿಗೆ ತೀರ್ಪು ಸುಲಭವಲ್ಲ.

ಈ ವೇಳೆಗೆ ಅವರ ಅಂತರಂಗದಲ್ಲಿ ಇನ್ನೊಂದು ಬದಲಾವಣೆ ನಡೆದಿತ್ತು. ತಾನು ಕ್ರೈಸ್ತಮತವನ್ನು ಕಂಡುಕೊಂಡೆನೇ ಹೊರತು ಕ್ರಿಸ್ತನನ್ನಲ್ಲವೆಂದು ಅವರಿಗೆ ಅನಿಸಿತ್ತು. ಕೃಪೆಯೆಂಬುದು ವ್ರತದಿಂದಲೋ ಪಾಂಡಿತ್ಯದಿಂದಲೋ ಸಂಪಾದಿಸುವ ವಸ್ತುವಲ್ಲ, ಬರಿಗೈ ನೀಡಿ ಪಡೆಯುವ ದಾನವೆಂದು ತಿಳಿದಾಗ, ಬಾಲ್ಯದಿಂದ ಹುಡುಕಿದ ಶಾಂತಿ ಅವರಿಗೆ ದೊರೆಯಿತು.

ಪುಕ್ಕಟೆ ಪಡೆದುದನ್ನು ಅವರು ಪುಕ್ಕಟೆಯಾಗಿಯೇ ಹಂಚಿದರು. 1896-97ರಲ್ಲಿ ಮಧ್ಯಪ್ರಾಂತದಲ್ಲಿ ಬರ ಬಿದ್ದಾಗ, ಹಸಿವನ್ನು ಬಲ್ಲ ಆ ತಾಯಿ ತಾವೇ ಹೋಗಿ ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ಅವರಿಗಾಗಿ ಪುಣೆಯ ಬಳಿಯ ಕೇಡಗಾಂವಿಯಲ್ಲಿ ಮುಕ್ತಿ ಎಂಬ ಆಶ್ರಮ ಬೆಳೆಯಿತು. 1900ರ ಬರದ ಹೊತ್ತಿಗೆ ಅಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಆಶ್ರಯ ಪಡೆದಿದ್ದರು. ಬೇಸಾಯ, ನೇಯ್ಗೆ, ಅಚ್ಚುಕೆಲಸಗಳನ್ನು ಅಲ್ಲಿ ಕಲಿಸಿದರು. ಕುರುಡರಿಗೆ ಬ್ರೈಲ್ ಲಿಪಿಯನ್ನೂ ಕಲಿಸಿದರು. ಮನೋರಮೆಯ ನೆರವಿನಿಂದ ನಮ್ಮ ಗುಲಬರ್ಗೆಯಲ್ಲಿಯೂ 1912ರಲ್ಲಿ ಒಂದು ಶಾಲೆ ನಡೆಯತೊಡಗಿತು. ಕೊನೆಯ ವರ್ಷಗಳಲ್ಲಿ ರಮಾಬಾಯಿ ಹೀಬ್ರೂ, ಗ್ರೀಕ್ ಮೂಲಗಳಿಂದ ಬೈಬಲ್ಲನ್ನು ಸರಳವಾದ ಮರಾಠಿಗೆ ತಂದರು.

1921ರಲ್ಲಿ ಮನೋರಮೆ ತಾಯಿಗಿಂತ ಮೊದಲೇ ತೀರಿಕೊಂಡರು. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಮುಚ್ಚಿದರು. ಮುಕ್ತಿ ಇಂದಿಗೂ ನಡೆಯುತ್ತಿದೆ.

ಸಹಪಾಠಿಗಳೇ, ಯಾರು ಯಾವ ಹೆಸರಿನಿಂದ ದೇವರನ್ನು ಕರೆಯಬೇಕೆಂದು ಹೇಳಲು ನಾನು ಯಾರು? ಆದರೆ ತಮಗೆ ದೊರೆತ ಶಾಂತಿಯನ್ನು ಅವರು ಗಂಟುಕಟ್ಟಿ ಇಟ್ಟುಕೊಳ್ಳಲಿಲ್ಲ. ಮೊನ್ನೆ ರಜೆಗೆ ಊರಿಗೆ ಹೋದಾಗ ಆ ಪಟದ ಧೂಳೊರಸಿ, ಆ ಅಜ್ಜಿಯ ಹೆಸರೇನೆಂದು ಕೇಳಿದೆ. ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ.