ಮಾನ್ಯಖೇಟದ ಕನ್ನರದೇವ

ಕಾಗಿಣಾ ನದಿಯ ದಂಡೆಯಲ್ಲಿರುವ ಮಳಖೇಡವು ಈಗ ಸೇಡಂ ತಾಲೂಕಿನ ಒಂದು ಊರು. ಸುತ್ತಣ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ತೆಂಗಳಿಗಳ ಜನರಿಗೆ ಕಲ್ಲೆಂಬುದು ಹೊಸ ವಸ್ತುವಲ್ಲ. ಈ ಸೀಮೆಯ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳಿಗೆ ನೆಲವಾಗಿದೆ. ಸಾವಿರ ವರ್ಷಗಳಾಚೆ ಇದೇ ನೆಲದಿಂದ ಆಳಿ, ದಕ್ಷಿಣದ ಕಡಲವರೆಗೆ ದಂಡು ನಡೆಸಿದ ದೊರೆಯೊಬ್ಬನಿದ್ದನು. ಇತಿಹಾಸವು ಅವನನ್ನು ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನೆಂದು ಕರೆಯುತ್ತದೆ, ಶಾಸನಗಳು ಕನ್ನರದೇವನೆನ್ನುತ್ತವೆ. ನೃಪತುಂಗನನ್ನು ಬಲ್ಲ ನಮ್ಮ ವಿದ್ಯಾರ್ಥಿಗಳು ಈತನನ್ನು ಅಷ್ಟಾಗಿ ಬಲ್ಲವರಲ್ಲ. ಪೊನ್ನನಿಗೆ ಉಭಯಕವಿಚಕ್ರವರ್ತಿಯೆಂಬ ಬಿರುದನ್ನಿತ್ತವನು ಎಂಬಲ್ಲಿಗೆ ಅವರ ಪರಿಚಯ ಮುಗಿಯುತ್ತದೆ. ಕವಿಗಳನ್ನು ಮನ್ನಿಸಿದ ಕೃಷ್ಣನ ವಿಚಾರವನ್ನು ಸಾಹಿತ್ಯಚರಿತ್ರೆಗಳು ಸಾಕಷ್ಟು ಹೇಳಿವೆ. ಕಾದಿದವರಿಗೆ ಅವನೂ ಅವನ ಕಾಲವೂ ಏನನ್ನು ಕೊಟ್ಟವು, ಹೇಗೆ ಕೊಟ್ಟವು, ಕೊಟ್ಟುದರಲ್ಲಿ ಯಾವುದು ಉಳಿಯಿತು ಎಂಬುದಷ್ಟೇ ಇಲ್ಲಿ ನನ್ನ ವಿಷಯ.

ಕೃಷ್ಣನ ಬಾಳು ಆರಂಭವಾದದ್ದೇ ಇತರರ ಕತ್ತಿಯ ನೆರವಿನಿಂದ. ಅವನ ತಂದೆ ಬದ್ದೆಗನು, ಎಂದರೆ ಮುಮ್ಮಡಿ ಅಮೋಘವರ್ಷನು, ಸಿಂಹಾಸನಕ್ಕೆ ನೇರ ಹಕ್ಕುದಾರನಾಗಿರಲಿಲ್ಲ. ನಾಲ್ವಡಿ ಗೋವಿಂದನ ಆಳಿಕೆಗೆ ಬೇಸತ್ತ ಸಾಮಂತರು ಅವನನ್ನು ಇಳಿಸಿ ಬದ್ದೆಗನನ್ನು ತಂದು ಕುಳ್ಳಿರಿಸಿದರು. ಅವರಲ್ಲಿ ಮುಂದಾಳಾದವನು ಪಂಪನ ಆಶ್ರಯದಾತನಾದ ವೇಮುಲವಾಡದ ಅರಿಕೇಸರಿ. ತಂದೆಯ ಕಾಲದಲ್ಲಿಯೇ ಕೃಷ್ಣನು ದಂಡಿನ ಭಾರವನ್ನು ಹೊತ್ತನು. ಗಂಗವಾಡಿಯಲ್ಲಿ ರಾಚಮಲ್ಲನನ್ನು ತೆಗೆದು ಅವನ ಸೋದರ ಬೂತುಗನಿಗೆ ಪಟ್ಟ ಕಟ್ಟಿಸಿದನು. ಈ ಬೂತುಗನು ಕೃಷ್ಣನ ಅಕ್ಕ ರೇವಕನಿಮ್ಮಡಿಯ ಗಂಡ. ಕ್ರಿ.ಶ. ೯೩೯ರಲ್ಲಿ ಕೃಷ್ಣನು ಮಾನ್ಯಖೇಟದ ಸಿಂಹಾಸನವನ್ನೇರಿದಾಗ, ಅರಸುತನವು ಸಾಮಂತರ ಮತ್ತು ಸೈನಿಕರ ನಿಷ್ಠೆಯ ಮೇಲೆ ನಿಂತಿದೆಯೆಂಬುದನ್ನು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹತ್ತು ವರ್ಷಗಳ ಬಳಿಕ, ೯೪೯ರಲ್ಲಿ, ತಕ್ಕೋಲದ ಕಾಳಗವು ನಡೆಯಿತು. ತಕ್ಕೋಲವು ಈಗ ತಮಿಳುನಾಡಿನಲ್ಲಿ ಅರಕ್ಕೋಣದ ಬಳಿಯಿರುವ ಊರು. ಒಂದು ಕಡೆ ಚೋಳ ಪರಾಂತಕನ ಮಗ ರಾಜಾದಿತ್ಯ. ಇನ್ನೊಂದು ಕಡೆ ಕೃಷ್ಣ, ಅವನ ಜೊತೆಗೆ ಗಂಗರ ಪಡೆಯೊಡನೆ ಬೂತುಗ. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನು. ಚೋಳರ ಕಡೆಯ ಶಾಸನವು ಅವನನ್ನು ಕೊಂದ ಕೀರ್ತಿಯನ್ನು ಕೃಷ್ಣನಿಗೇ ಕೊಡುತ್ತದೆ. ನಮ್ಮ ನಾಡಿನ ಆತಕೂರಿನ ಕಲ್ಲು ವಿಜಯವನ್ನು ಮೊದಲು ದೊರೆಯದೆಂದು ಹೇಳಿದರೂ, ಅಂಬಾರಿಯ ಮೇಲಿದ್ದ ರಾಜಾದಿತ್ಯನನ್ನು ಇರಿದವನು ಬೂತುಗನೆಂಬುದನ್ನು ಮುಚ್ಚಿಡುವುದಿಲ್ಲ. ಗೆಲವು ದೊರೆಯದಾದರೂ ಕೈ ಯಾರದೆಂಬುದನ್ನು ಬರೆದಿಟ್ಟ ಈ ಕಲ್ಲನ್ನು ನಾವು ಸ್ವಲ್ಪ ನಿಧಾನವಾಗಿ ಓದಬೇಕು.

ಆತಕೂರು ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನದು. ಶಾಸನದ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕೃಷ್ಣನು ಬೂತುಗನಿಗೆ ಬನವಾಸಿ ೧೨೦೦೦, ಬೆಳ್ವೊಲ ೩೦೦, ಪುರಿಗೆರೆ ೩೦೦, ಕಿಸುಕಾಡು ೭೦, ಬಾಗೆನಾಡು ೭೦ ಎಂಬ ನಾಡುಗಳನ್ನು ಕೊಟ್ಟನೆಂದು ಅದು ಹೇಳುತ್ತದೆ. ಆದರೆ ಕಲ್ಲಿನ ಮಾತು ಬೂತುಗನಲ್ಲಿಗೆ ನಿಲ್ಲುವುದಿಲ್ಲ. ಬೂತುಗನ ಕೈಕೆಳಗೆ ಮಣಲೇರನೆಂಬ ವೀರನಿದ್ದನು. ಅವನ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು ಬೇಕಾದುದನ್ನು ಬೇಡಿಕೊಳ್ಳಲು ಹೇಳಿದಾಗ, ಮಣಲೇರನು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಎರಡೂ ಒಂದನ್ನೊಂದು ಕೊಂದು ಸತ್ತುವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆ ಕೆರೆಯ ಕೆಳಗೆ ಗದ್ದೆಯನ್ನು ಬಿಟ್ಟರು. ಆ ಸ್ಥಳವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂಬ ಕಟ್ಟಳೆಯನ್ನೂ ಕೆತ್ತಿಸಿದರು. ಮಣಲೇರನಿಗಾದರೋ ಬೂತುಗನು ಆತಕೂರು ಹನ್ನೆರಡನ್ನೂ ಇನ್ನೊಂದು ಊರನ್ನೂ ಬಾಳ್ಗಚ್ಚಾಗಿ ಕೊಟ್ಟನು.

ಈ ಶಾಸನವನ್ನು ಪಾಠ ಹೇಳುವಾಗ ವಿದ್ಯಾರ್ಥಿಗಳು ನಾಯಿಯ ಕಥೆಯನ್ನು ನೆನಪಿಟ್ಟು ಉಳಿದುದನ್ನು ಮರೆಯುವುದನ್ನು ನಾನು ಕಂಡಿದ್ದೇನೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬಾಳ್ಗಚ್ಚು ಎಂಬ ಮಾತಿನ ಮೇಲೆ ಒಂದು ಗಳಿಗೆ ನಿಲ್ಲುವುದು ಒಳ್ಳೆಯದು. ಬಾಳ್ ಎಂದರೆ ಕತ್ತಿ. ಕರ್ಚು, ಕಚ್ಚು ಎಂದರೆ ತೊಳೆಯುವುದು. ಕಾಳಗದಿಂದ ಮರಳಿದ ವೀರನ ಕತ್ತಿಯನ್ನು ತೊಳೆದು ಕೊಡುವ ಭೂಮಿಯೇ ಬಾಳ್ಗಚ್ಚು. ಇನ್ನು ಮರಳಿ ಬಾರದವನ ಪಾಲಿಗೆ ಬೇರೆ ಮಾತುಗಳಿದ್ದುವು. ಮಡಿದವನ ಹೆಸರಿನಲ್ಲಿ ಅವನ ಮನೆಯವರಿಗೆ ಬಿಡುವ ಭೂಮಿಗೆ ನೆತ್ತರುಗೊಡಗೆಯೆನ್ನುತ್ತಿದ್ದರು. ವೀರನ ಕಲ್ಲಿನೊಡನೆ ಕೊಡುವ ಉಂಬಳಿಗೆ ಕಲ್ನಾಡು ಎಂಬ ಹೆಸರಿತ್ತು. ಕೃಷ್ಣನಿಗಿಂತ ಸುಮಾರು ಎರಡು ತಲೆಮಾರು ಹಿಂದಿನ ಬೇಗೂರಿನ ವೀರಗಲ್ಲಿನಲ್ಲಿ ಇದರ ನಿದರ್ಶನವಿದೆ. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನು ಮಡಿದಾಗ, ಗಂಗರ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ ಬೇಗೂರು ಮೊದಲಾದ ಊರುಗಳನ್ನು ಕಲ್ನಾಡಾಗಿ ಕೊಟ್ಟನು. ಸತ್ತವನ ಹೆಸರು ಸಾಯದಂತೆ, ಅವನ ಸ್ಥಾನವು ಬರಿದಾಗದಂತೆ ನೋಡಿಕೊಂಡ ರೀತಿಯಿದು. ಕೊಡುಗೆಗೆ ರಕ್ತದ ಹೆಸರನ್ನೇ ಇಟ್ಟ ನುಡಿ ನಮ್ಮದು. ಅನ್ನ ಎಲ್ಲಿಂದ ಬಂದಿತೆಂಬುದನ್ನು ಉಣ್ಣುವವನು ಮರೆಯುವಂತಿರಲಿಲ್ಲ.

ತಕ್ಕೋಲದ ಗೆಲವಿನ ತರುವಾಯ ಕೃಷ್ಣನ ದಂಡು ದಕ್ಷಿಣದಲ್ಲಿ ಬಹುಕಾಲ ನಿಂತಿತು. ಕಂಚಿ ತಂಜಾವೂರುಗಳನ್ನು ಕೊಂಡವನೆಂಬ ಬಿರುದು ತಮಿಳು ಶಾಸನಗಳಲ್ಲಿಯೇ ಅವನ ಹೆಸರಿಗಂಟಿತು. ಉತ್ತರದಲ್ಲಿ ಮೈಹರದ ಬಳಿಯ ಜೂರಾ ಎಂಬಲ್ಲಿ ಅವನ ಪ್ರಶಸ್ತಿ ಕನ್ನಡದಲ್ಲಿದೆ; ಮಧ್ಯಪ್ರದೇಶದ ಆ ನೆಲದಲ್ಲಿ ಕನ್ನಡವನ್ನು ಓದಬಲ್ಲವರು ಅವನ ದಂಡಿನವರೇ ಆಗಿದ್ದಿರಬೇಕು. ೯೫೯ರಲ್ಲಿ ಅವನು ತಮಿಳು ನಾಡಿನ ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದನು. ಆ ಬೀಡಿನಿಂದ ಹೊರಟ ಕರ್ಹಾಡದ ತಾಮ್ರಪಟವು ಅವನು ಅಲ್ಲಿ ಮಾಡುತ್ತಿದ್ದ ಕೆಲಸವನ್ನು ಸ್ಪಷ್ಟವಾಗಿ ಹೇಳುತ್ತದೆ: ಗೆದ್ದ ದಕ್ಷಿಣದ ನಾಡುಗಳನ್ನು ತನ್ನ ಅನುಜೀವಿಗಳಿಗೆ ಜೀವಿತವಾಗಿ ಹಂಚುವುದು, ದೇವಾಲಯಗಳನ್ನು ಕಟ್ಟಿಸುವುದು. ಸೋಮದೇವಸೂರಿಯು ತನ್ನ ಯಶಸ್ತಿಲಕವನ್ನು ಮುಗಿಸಿದ್ದು ಅದೇ ವರ್ಷ. ಅವನೂ ಮೇಲ್ಪಾಡಿಯ ಬೀಡನ್ನು ನೆನೆದಿದ್ದಾನೆ. ತನ್ನವರಿಗೆ ಇಷ್ಟು ಧಾರಾಳವಾಗಿ ನೆಲವನ್ನು ಹಂಚಿದ ದೊರೆಗಳು ನಮ್ಮ ಇತಿಹಾಸದಲ್ಲಿ ವಿರಳ.

ಹೀಗೆ ಹಂಚಿದ ನಾಡುಗಳಲ್ಲಿ ಒಂದರ ಕಥೆಯನ್ನು ಇಲ್ಲಿ ಹೇಳಲೇಬೇಕು. ಈಗಿನ ವಿಜಯಪುರ ಜಿಲ್ಲೆಯ ಸೀಮೆಯಲ್ಲಿದ್ದ ತರ್ದವಾಡಿ ಸಾಸಿರವನ್ನು ಕೃಷ್ಣನು ಚಾಲುಕ್ಯ ವಂಶದ ತೈಲಪನಿಗೆ ಅಣುಗಜೀವಿತವಾಗಿ ಕೊಟ್ಟಿದ್ದನು. ೯೬೫ರ ಶಾಸನದಲ್ಲಿ ತೈಲಪನು ಆ ನಾಡನ್ನು ಹಾಗೆಯೇ ಆಳುತ್ತಿದ್ದಾನೆ. ಅಣುಗನೆಂದರೆ ಪ್ರೀತಿಪಾತ್ರನು. ೯೬೭ರಲ್ಲಿ ಕೃಷ್ಣನು ತೀರಿಕೊಂಡು ಅವನ ತಮ್ಮ ಖೊಟ್ಟಿಗನು ಪಟ್ಟವೇರಿದನು. ೯೭೨ರಲ್ಲಿ ಮಾಳವದ ಪರಮಾರ ಸೀಯಕನು ಮಾನ್ಯಖೇಟವನ್ನು ಹೊಕ್ಕು ಸೂರೆಮಾಡಿದನು. ಮರುವರ್ಷವೇ ಆ ಅಣುಗನು, ತೈಲಪನು, ಎದ್ದು ನಿಂತು ರಾಷ್ಟ್ರಕೂಟರ ಅರಸುತನವನ್ನು ಕೊನೆಗಾಣಿಸಿದನು. ಇಲ್ಲಿ ಮಾತು ಮುಗಿಸಿದರೆ, ಧಾರಾಳವು ದೊರೆಯ ಮನೆಯನ್ನೇ ಸುಟ್ಟಿತೆಂಬ ನೀತಿ ಸುಲಭವಾಗಿ ಕೈಗೆ ಸಿಗುತ್ತದೆ. ಇತಿಹಾಸಕಾರರಲ್ಲಿ ಆ ಮಾತನ್ನಾಡಿದವರೂ ಉಂಟು. ಆದರೆ ಬನವಾಸಿಯಂತಹ ದೊಡ್ಡ ನಾಡನ್ನು ಪಡೆದ ಬೂತುಗನ ಮಗ ಮಾರಸಿಂಹನು ಬೇರೆಯಾಗಿ ನಡೆದನು. ಎಲ್ಲವೂ ಮುಗಿದಿದ್ದ ಕಾಲದಲ್ಲಿ ಅವನು ಕೃಷ್ಣನ ಮೊಮ್ಮಗ ಇಂದ್ರನಿಗೆ ಪಟ್ಟ ಕಟ್ಟಿ ಆ ವಂಶವನ್ನು ನಿಲ್ಲಿಸಲು ಹೆಣಗಿದನು. ಅದು ಸಾಗದೆ ಹೋಗಿ, ಬಂಕಾಪುರದಲ್ಲಿ ಸಲ್ಲೇಖನವನ್ನು ಕೈಕೊಂಡು ದೇಹವನ್ನು ಬಿಟ್ಟನು. ಇಂದ್ರನೂ ೯೮೨ರಲ್ಲಿ ಶ್ರವಣಬೆಳಗೊಳದಲ್ಲಿ ಅದೇ ದಾರಿಯನ್ನು ಹಿಡಿದನು. ಇಬ್ಬರಿಗೂ ಒಬ್ಬನೇ ದೊರೆಯಿಂದ ನಾಡು ಬಂದಿತ್ತು. ಒಂದು ಮನೆ ಅದನ್ನು ಮೆಟ್ಟಿಲಾಗಿ ಮಾಡಿಕೊಂಡಿತು. ಇನ್ನೊಂದು ಮನೆ ಋಣವಾಗಿ ಹೊತ್ತುಕೊಂಡಿತು. ನೆಲವನ್ನು ಕೊಟ್ಟು ನಿಷ್ಠೆಯನ್ನು ಕೊಳ್ಳಲಾಗುವುದಿಲ್ಲವೆಂಬುದಷ್ಟೇ ಇದರಿಂದ ಸಿದ್ಧವಾಗುತ್ತದೆ.

ಕೃಷ್ಣನು ಹಂಚಿದ ನಾಡುಗಳು ಅವನ ಹಿಂದೆಯೇ ಕೈ ಬದಲಾಯಿಸಿದುವು. ಮೇಲ್ಪಾಡಿಯಲ್ಲಿ ಜೀವಿತ ಪಡೆದವರ ಮನೆತನಗಳು ದಕ್ಷಿಣದಲ್ಲಿ ನೆಲೆನಿಲ್ಲಲಿಲ್ಲ. ಚೋಳರು ಮತ್ತೆ ಬಂದರು. ಉಳಿದುದು ಆತಕೂರಿನ ಕಲ್ಲು. ಅದು ಉಳಿದುದಕ್ಕೆ ಕಾರಣವನ್ನು ಕಲ್ಲಿನಲ್ಲಿಯೇ ಹುಡುಕಬಹುದೆಂದು ನನಗೆ ತೋರುತ್ತದೆ. ಯಾರು ಕಾದಿದನು, ಎಲ್ಲಿ ಕಾದಿದನು, ಅವನಿಗೆ ಏನು ಸಂದಿತು ಎಂಬುದನ್ನು ಅದು ಊರವರೆಲ್ಲರ ಕಣ್ಣ ಮುಂದೆ, ದೇವಾಲಯದ ಬಾಗಿಲಲ್ಲಿ ನಿಂತು ಹೇಳಿತು. ನೆನಪನ್ನು ಕಾಯುವ ಕೆಲಸವನ್ನು ಯಾರದೋ ಮನಸ್ಸಿಗೆ ಬಿಡದೆ, ಒಬ್ಬನಿಗೆ ಒಪ್ಪಿಸಿ, ಅವನ ಹೊಟ್ಟೆಗೆ ಗದ್ದೆಯನ್ನು ಕೊಟ್ಟು, ತಪ್ಪಿದರೆ ಪಾಪವೆಂದು ಕಟ್ಟುಮಾಡಿತು. ಹೊಗಳಿಕೆಯೊಂದೇ ಇದ್ದಿದ್ದರೆ ಅದು ಗಾಳಿಗೆ ಹೋಗುತ್ತಿತ್ತು. ಗದ್ದೆಯೊಂದೇ ಇದ್ದಿದ್ದರೆ ಯಾರದೋ ಲೆಕ್ಕಕ್ಕೆ ಸೇರುತ್ತಿತ್ತು.

ಈ ಚಿತ್ರವನ್ನು ಬರಿಯ ಹೊಗಳಿಕೆಯಾಗಿ ನಿಲ್ಲಿಸುವುದು ನ್ಯಾಯವಲ್ಲ. ತಕ್ಕೋಲದಲ್ಲಿ ಕಾದಿದವರು ಬೂತುಗ ಮಣಲೇರರಿಬ್ಬರೇ ಅಲ್ಲ. ಮಾನ್ಯಖೇಟದ ಸುತ್ತಣ ಊರುಗಳಿಂದ ಹೊರಟು ಅಲ್ಲಿ ಬಿದ್ದ ಕಾಲಾಳುಗಳ ಹೆಸರು ಆ ಕಲ್ಲಿನಲ್ಲಿಲ್ಲ. ಒಂದು ನಾಯಿಗೆ ಸಿಕ್ಕ ನೆನಪು ಅವರಿಗೆ ಅಲ್ಲಿ ಸಿಗಲಿಲ್ಲ. ಆದರೂ ದೊರೆಗಳು ಬಿಟ್ಟುದನ್ನು ಎಷ್ಟೋ ಕಡೆ ಊರುಗಳು ತುಂಬಿಕೊಟ್ಟುವು. ತುರುಗಳನ್ನು ಕಾದು ಸತ್ತ ಸಾಮಾನ್ಯರಿಗೂ ಕನ್ನಡ ನಾಡಿನ ಹಳ್ಳಿಗಳು ಕಲ್ಲು ನಿಲ್ಲಿಸಿವೆ.

ನಮ್ಮ ಕಾಲದಲ್ಲಿ ೧೯೪೯ರಿಂದ ವರ್ಷವರ್ಷವೂ ಡಿಸೆಂಬರ್ ೭ರಂದು ಸಶಸ್ತ್ರ ಪಡೆಗಳ ಧ್ವಜ ದಿನವನ್ನು ಆಚರಿಸಿ, ಸೈನಿಕರ ಕುಟುಂಬಗಳಿಗಾಗಿ ಸಾರ್ವಜನಿಕರಿಂದ ಹಣ ಕೂಡಿಸುತ್ತೇವೆ. ಎದೆಗೆ ಸಿಕ್ಕಿಸಿಕೊಳ್ಳುವ ಆ ಚಿಕ್ಕ ಬಾವುಟವು ನೆತ್ತರುಗೊಡಗೆಯ ವಂಶದ್ದೇ. ಅದೇ ಸಮಯದಲ್ಲಿ ಎಷ್ಟೋ ಊರುಗಳಲ್ಲಿ ಹಳೆಯ ವೀರಗಲ್ಲುಗಳು ಬಟ್ಟೆ ಒಗೆಯುವ ಕಲ್ಲುಗಳಾಗಿ, ಜಗಲಿಯ ಮೆಟ್ಟಿಲುಗಳಾಗಿ, ಮೋರಿಯ ಚಪ್ಪಡಿಗಳಾಗಿ ಬಿದ್ದಿವೆ. ಸೇಡಂ, ಚಿತ್ತಾಪುರ, ತೆಂಗಳಿಗಳ ಕಡೆಯ ವಿದ್ಯಾರ್ಥಿಗಳು ತಮ್ಮ ಊರಿನ ಅಂತಹ ಕಲ್ಲುಗಳನ್ನು ಗುರುತಿಸಿ, ಅಕ್ಷರವಿದ್ದರೆ ಬರೆದುಕೊಂಡು, ಎತ್ತಿ ನಿಲ್ಲಿಸುವ ಕೆಲಸವನ್ನು ಕೈಗೊಂಡರೆ, ಕನ್ನರದೇವನ ರಾಜಧಾನಿಯ ನೆರೆಯವರಿಗೆ ಅದು ಸಲ್ಲುವ ಕೆಲಸ. ಆತಕೂರಿನ ಗೊರವನಿಗೆ ಅದಕ್ಕಾಗಿ ಒಂದು ಗದ್ದೆಯಿತ್ತು. ನಮಗೆ ಅದಿಲ್ಲ, ಕೆಲಸ ಮಾತ್ರ ಇದೆ.