ಬಿ.ಜಿ. ಹಾರ್ನಿಮನ್: ಯುದ್ಧಕಾಲದ ಮುಂಬಯಿಯ ನಿರ್ಭೀತ ಸಂಪಾದಕ

ಫೋರ್ಟ್ ಪರಿಸರದ ಹಾರ್ನಿಮನ್ ಸರ್ಕಲನ್ನು ಅರಿಯದ ಮುಂಬಯಿ ಕನ್ನಡಿಗರು ವಿರಳ. ಆ ಹೆಸರಿನ ಹಿಂದಿರುವ ಬೆಂಜಮಿನ್ ಗೈ ಹಾರ್ನಿಮನ್ (1873-1948) ಇಂಗ್ಲೆಂಡಿನ ಸಸೆಕ್ಸ್‌ನಲ್ಲಿ ಜನಿಸಿದವರು. 1906ರಲ್ಲಿ ಕಲ್ಕತ್ತೆಯ ‘ಸ್ಟೇಟ್ಸ್‌ಮನ್’ ಪತ್ರಿಕೆಗೆ ಬಂದ ಅವರು, ಸರ್ ಫಿರೋಜ್‌ಶಹಾ ಮೆಹ್ತಾ 1913ರಲ್ಲಿ ಸ್ಥಾಪಿಸಿದ ‘ಬಾಂಬೆ ಕ್ರಾನಿಕಲ್’ನ ಸಂಪಾದಕರಾದರು.

ಮರುವರ್ಷವೇ ಮೊದಲ ಮಹಾಯುದ್ಧ ಆರಂಭವಾಯಿತು. ಹತ್ತು ಲಕ್ಷಕ್ಕೂ ಮಿಕ್ಕಿದ ಭಾರತೀಯರು ಕಡಲಾಚೆಯ ರಣರಂಗಗಳಿಗೆ ತೆರಳಿದರು. 1918ರಲ್ಲಿ ಹೈಫಾ ನಗರವನ್ನು ಗೆದ್ದವರಲ್ಲಿ ನಮ್ಮ ಮೈಸೂರಿನ ಅಶ್ವದಳವೂ ಇತ್ತು. ಆ ದೂರದ ಯುದ್ಧದ ಕುರಿತು ಜನಾಭಿಪ್ರಾಯ ರೂಪುಗೊಳ್ಳುತ್ತಿದ್ದುದು ಬಹುಮಟ್ಟಿಗೆ ಪತ್ರಿಕೆಗಳಿಂದ. ಆದರೆ 1910ರ ಪತ್ರಿಕಾ ಕಾಯಿದೆ ಹಾಗೂ 1915ರ ಭಾರತ ರಕ್ಷಣಾ ಕಾಯಿದೆಗಳು ಅವುಗಳ ಬಾಯಿ ಕಟ್ಟಿದ್ದವು. ಇದನ್ನು ಪ್ರತಿಭಟಿಸಲು ಹಾರ್ನಿಮನ್ 1915ರಲ್ಲಿ ಪತ್ರಕರ್ತರ ಸಂಘವೊಂದನ್ನು ಕಟ್ಟಿ, ಅದರ ಅಧ್ಯಕ್ಷರಾದರು. ಸಾಮ್ರಾಜ್ಯಕ್ಕಾಗಿ ರಕ್ತ ಹರಿಸುವ ನಾಡಿಗೆ ಸ್ವರಾಜ್ಯದ ಹಕ್ಕೂ ಇದೆಯೆಂಬ ಹೋಂರೂಲ್ ವಾದಕ್ಕೆ ‘ಕ್ರಾನಿಕಲ್’ ದನಿಯಾಯಿತು.

ಯುದ್ಧ ನಿಂತರೂ ಯುದ್ಧಕಾಲದ ಶಾಸನ ಸರಕಾರದ ಕೈಯಲ್ಲೇ ಉಳಿಯಿತು. ರೌಲತ್ ಕಾಯಿದೆಯ ವಿರುದ್ಧ ಗಾಂಧೀಜಿಯವರು ಸ್ಥಾಪಿಸಿದ ಸತ್ಯಾಗ್ರಹ ಸಭೆಯ ಉಪಾಧ್ಯಕ್ಷರಾಗಿದ್ದ ಹಾರ್ನಿಮನ್‌ರನ್ನು 1919ರ ಎಪ್ರಿಲ್ 26ರಂದು ಅದೇ ಶಾಸನದಡಿ ಗಡೀಪಾರು ಮಾಡಲಾಯಿತು. ಇಂಗ್ಲೆಂಡಿನಲ್ಲಿ ಅವರು ಅಮೃತಸರದ ಹತ್ಯಾಕಾಂಡದ ಸತ್ಯವನ್ನು ತಮ್ಮ ದೇಶಬಾಂಧವರ ಮುಂದಿಟ್ಟು, 1926ರಲ್ಲಿ ಭಾರತಕ್ಕೆ ಮರಳಿ ಮತ್ತೆ ಲೇಖನಿ ಹಿಡಿದರು.

ಒಂದು ಕಾಲದಲ್ಲಿ ಗವರ್ನರ್ ಎಲ್ಫಿನ್‌ಸ್ಟನ್‌ರ ಹೆಸರಿನಲ್ಲಿದ್ದ ವೃತ್ತ, ಸ್ವತಂತ್ರ ಭಾರತದಲ್ಲಿ ಗಡೀಪಾರಾದ ಈ ಸಂಪಾದಕರ ಹೆಸರನ್ನು ಹೊತ್ತುಕೊಂಡಿತು.