ಮರಳಿ ಕೇಳಿದ ವಿಮರ್ಶಕ: ಲೆಸ್ಟರ್ ಬ್ಯಾಂಗ್ಸ್

ಕವಿಯ ಜೀವನವನ್ನು ಬರೆಯುವವರುಂಟು, ಗಾಯಕನ ಜೀವನವನ್ನು ಬರೆಯುವವರುಂಟು. ಧ್ವನಿಮುದ್ರಿಕೆಗಳಿಗೆ ವಿಮರ್ಶೆ ಬರೆದು ಬದುಕಿದವನೊಬ್ಬನ ಜೀವನವನ್ನು ಬರೆಯಹೊರಡುವುದು ಕೆಲವರಿಗೆ ವಿಚಿತ್ರವಾಗಿ ಕಂಡೀತು. ಗ್ರಾಮಫೋನ್ ತಟ್ಟೆಯೇ ಮಾರುಕಟ್ಟೆಯ ಸರಕು. ಅದರ ಮೇಲಣ ಅಭಿಪ್ರಾಯವಂತೂ ವಾರ ಕಳೆಯುವುದರೊಳಗೆ ಹಳಸುವ ವಸ್ತು. ಆದರೂ ಅಮೆರಿಕದ ಲೆಸ್ಟರ್ ಬ್ಯಾಂಗ್ಸ್ ತೀರಿಕೊಂಡು ನಾಲ್ಕು ದಶಕಗಳು ಕಳೆದ ಮೇಲೂ ಆತನ ವಿಮರ್ಶೆಗಳನ್ನು ಜನ ಹುಡುಕಿ ಓದುತ್ತಾರೆ. ಆತನ ತೀರ್ಪು ಸದಾ ಸರಿಯಾಗಿತ್ತೆಂಬುದು ಇದಕ್ಕೆ ಕಾರಣವಲ್ಲ. ಅದು ಹಲವು ಬಾರಿ ತಪ್ಪಿತು. ತಪ್ಪಿದ ಮೇಲೆ ಆತ ಏನು ಮಾಡಿದನೆಂಬುದರಲ್ಲಿಯೇ ನನಗೆ ಆತನ ಹಿರಿಮೆ ಕಾಣುತ್ತದೆ.

ಬ್ಯಾಂಗ್ಸ್ ಹುಟ್ಟಿದ್ದು 1948ರ ಡಿಸೆಂಬರಿನಲ್ಲಿ, ಕ್ಯಾಲಿಫೋರ್ನಿಯದ ಎಸ್ಕಾಂಡಿಡೊ ಎಂಬ ಊರಿನಲ್ಲಿ. ತಾಯಿ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥದ ಕಟ್ಟಾ ಅನುಯಾಯಿ. ಲೋಕದ ಅಂತ್ಯ ಸಮೀಪಿಸಿದೆಯೆಂಬುದು ಆ ಪಂಥದ ದೃಢ ನಂಬಿಕೆ. ತಂದೆ 1957ರಲ್ಲಿ ಬೆಂಕಿಯ ಅನಾಹುತದಲ್ಲಿ ಸತ್ತಾಗ ಹುಡುಗನಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಒಂದು ಕಡೆ ಪ್ರಳಯದ ಪ್ರವಚನ, ಇನ್ನೊಂದು ಕಡೆ ಉರಿದುಹೋದ ತಂದೆಯ ನೆನಪು. ಇವೆರಡರ ನಡುವೆ ಬೆಳೆದವನಿಗೆ ಆಸರೆಯಾದದ್ದು ಜಾಸ್ ಸಂಗೀತ ಮತ್ತು ಕೆರುವಾಕ್, ಬರೋಸ್ ಮೊದಲಾದವರ ಪುಸ್ತಕಗಳು. ಪಾದರಕ್ಷೆಯ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ಬರೆಯತೊಡಗಿದ. ವಾಚಕರೂ ವಿಮರ್ಶೆ ಕಳುಹಿಸಬಹುದೆಂದು ‘ರೋಲಿಂಗ್ ಸ್ಟೋನ್’ ಪತ್ರಿಕೆ ಪ್ರಕಟಿಸಿದ್ದನ್ನು ಕಂಡು, ಎಂಸಿ ಫೈವ್ ತಂಡದ ಮೊದಲ ತಟ್ಟೆಯನ್ನು ಕಟುವಾಗಿ ಖಂಡಿಸಿದ ಲೇಖನವೊಂದನ್ನು ಕಳುಹಿಸಿದ. ಪ್ರಕಟಿಸಬೇಕು, ಇಲ್ಲವೇ ಕಾರಣ ತಿಳಿಸಬೇಕೆಂಬ ಧಾಟಿಯ ಪತ್ರವನ್ನೂ ಜೊತೆಗಿರಿಸಿದ. 1969ರಲ್ಲಿ ಅದು ಅಚ್ಚಾಯಿತು. ಅದೇ ತಂಡವನ್ನು ಮುಂದೆ ಆತ ಮನಸಾರೆ ಮೆಚ್ಚಿದ್ದು ಬೇರೆಯ ಮಾತು.

ಈಗ ನಾನು ಹೇಳಹೊರಟ ಮುಖ್ಯ ಪ್ರಸಂಗಕ್ಕೆ ಬರುತ್ತೇನೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ನಾಲ್ವರು ತರುಣರ ಬ್ಲ್ಯಾಕ್ ಸ್ಯಾಬತ್ ಎಂಬ ತಂಡದ ಮೊದಲ ತಟ್ಟೆ 1970ರ ಫೆಬ್ರುವರಿ 13ರಂದು ಹೊರಬಂತು. ಅದರ ವಾದನವನ್ನೆಲ್ಲ ಹಿಂದಿನ ಅಕ್ಟೋಬರಿನಲ್ಲಿ ಒಂದೇ ದಿನದಲ್ಲಿ ಮುದ್ರಿಸಿದ್ದರು. ಗಿಟಾರ್ ವಾದಕ ಟೋನಿ ಐಯೊಮಿ ಹದಿನೇಳರ ಹರೆಯದಲ್ಲಿ ಲೋಹದ ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡಿದ್ದ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ತಾನೇ ಮಾಡಿಕೊಂಡ ಟೊಪ್ಪಿಗಳನ್ನು ಆ ಬೆರಳುಗಳಿಗೆ ತೊಡಿಸಿ ನುಡಿಸುತ್ತಿದ್ದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ತಗ್ಗಿಸಿದ; ನಾದ ಮತ್ತಷ್ಟು ಭಾರವಾಯಿತು. ಲೋಹದ ಹೆಸರು ಹೊತ್ತ ಸಂಗೀತಕ್ಕೆ ಲೋಹವೇ ಮಾಡಿದ ಗಾಯ ಕಾರಣವಾದದ್ದು ವಿಧಿಯ ವಿನೋದವೆನ್ನಬೇಕು.

ತಟ್ಟೆ ತೊಡಗುವುದು ಮಳೆಯ ಸದ್ದಿನಿಂದ. ದೂರದಲ್ಲಿ ಇಗರ್ಜಿಯ ಗಂಟೆ, ನಡುವೆ ಗುಡುಗು. ಅನಂತರ ಬರುವುದು ಮೂರೇ ಸ್ವರ: ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ನಿಲ್ಲುವ ಪ್ರತಿಮಧ್ಯಮ. ಯೂರೋಪಿನವರು ಷಡ್ಜ-ಪ್ರತಿಮಧ್ಯಮಗಳ ಈ ಅಂತರಕ್ಕೆ ಸೈತಾನನ ಹೆಸರು ಅಂಟಿಸಿದ್ದಾರೆ. ಕಲ್ಯಾಣಿಯಲ್ಲಿ ಅದೇ ಮಧ್ಯಮವನ್ನು ಮಂಗಳಕರವೆಂದು ಕೇಳುವ ನಮಗೆ ಇದು ಸೋಜಿಗವೇ ಸರಿ. ಆದರೆ ಪಂಚಮದ ಆಸರೆಯಿಲ್ಲದೆ, ಅಷ್ಟು ವಿಳಂಬದಲ್ಲಿ, ಅಷ್ಟು ಗಟ್ಟಿಯಾಗಿ ನುಡಿಸಿದಾಗ ನನಗೂ ಎದೆ ನಡುಗಿತು. ಭಯಾನಕವನ್ನು ರಸವೆಂದು ಎಣಿಸಿದವರು ನಾವು. ರನ್ನನ ಗದಾಯುದ್ಧಕ್ಕೆ ತಲೆದೂಗುವವರು ಗರ್ಜನೆಯನ್ನು ಕಲೆಯಲ್ಲವೆಂದು ತಳ್ಳಲಾಗದು.

ಬ್ಯಾಂಗ್ಸ್ ತಳ್ಳಿಬಿಟ್ಟ. ಅದೇ ವರ್ಷ ‘ರೋಲಿಂಗ್ ಸ್ಟೋನ್’ನಲ್ಲಿ ಬರೆದ ವಿಮರ್ಶೆಯಲ್ಲಿ, ಎರಿಕ್ ಕ್ಲ್ಯಾಪ್ಟನ್ ಮೊದಲಾದ ಮೂವರ ತಂಡವನ್ನು ಅನುಕರಿಸಹೊರಟು ಅದಕ್ಕಿಂತ ಕೀಳಾದವರೆಂದು ನಾಲ್ಕು ಮಾತಿನಲ್ಲಿ ತೀರಿಸಿದ. ಇಷ್ಟಕ್ಕೆ ನಿಂತಿದ್ದರೆ ಆತ ನೂರಾರು ವಿಮರ್ಶಕರಲ್ಲಿ ಒಬ್ಬನಾಗುತ್ತಿದ್ದ. ಆದರೆ 1972ರಲ್ಲಿ, ಡೆಟ್ರಾಯಿಟಿನ ‘ಕ್ರೀಮ್’ ಪತ್ರಿಕೆಯಲ್ಲಿ, ಅದೇ ತಂಡದ ಮೇಲೆ ಎರಡು ಸಂಚಿಕೆಗಳಿಗೆ ಹರಿದ ದೀರ್ಘ ಪ್ರಬಂಧವನ್ನು ಬರೆದ. ಇವರು ಸೈತಾನನ ಭಕ್ತರಲ್ಲ, ನೀತಿಬೋಧಕರು. ಯುದ್ಧ, ಮಾದಕವಸ್ತು, ದಿಕ್ಕುಗೆಟ್ಟ ತಾರುಣ್ಯ ಇವುಗಳ ನಿಜವಾದ ಭಯ ಇವರ ಹಾಡುಗಳಲ್ಲಿ ಇದೆಯೆಂಬುದು ಅದರ ಸಾರ. ನನಗೆ ತೋರುವಂತೆ, ತಾಯಿಯ ಮನೆಯಲ್ಲಿ ಕೇಳಿದ ಪ್ರಳಯದ ಪ್ರವಚನ ಇಲ್ಲಿ ಆತನ ನೆರವಿಗೆ ಬಂತು. ತಜ್ಞನ ಕಿವಿಗೆ ಗದ್ದಲವಾಗಿದ್ದದ್ದು ಆ ಬಾಲಕನ ಕಿವಿಗೆ ಉಪದೇಶವಾಗಿ ಕೇಳಿಸಿರಬೇಕು. ಹೆವಿ ಮೆಟಲ್ ಎಂಬ ಹೆಸರನ್ನು ಬಳಕೆಗೆ ತಂದವರಲ್ಲಿ ಬ್ಯಾಂಗ್ಸನನ್ನೂ ಆ ಪತ್ರಿಕೆಯನ್ನೂ ಎಣಿಸುವುದುಂಟು.

1973ರಲ್ಲಿ, ಕಲಾವಿದರಿಗೆ ಅಗೌರವ ತೋರಿದನೆಂದು, ‘ರೋಲಿಂಗ್ ಸ್ಟೋನ್’ ಆತನನ್ನು ಕೈಬಿಟ್ಟಿತು. ‘ಕ್ರೀಮ್’ನಲ್ಲಿ 1976ರವರೆಗೆ ದುಡಿದು ಆತ ನ್ಯೂಯಾರ್ಕ್ ಸೇರಿದ. ಕುಡಿತ, ಮಾತ್ರೆ, ರಾತ್ರಿಯಿಡೀ ಬೆರಳಚ್ಚು ಯಂತ್ರದ ಮುಂದೆ ಕೂತು ಬರೆಯುವ ಚಟ: ಆ ವರ್ಷಗಳ ಕಥೆ ಇಷ್ಟೆ. ಅದನ್ನು ವೀರಗಾಥೆಯಂತೆ ಹಾಡುವವರ ಜೊತೆಗೆ ನಾನು ಸೇರಲಾರೆ.

ಆದರೆ 1979ರಲ್ಲಿ ಬಂದ ಎರಡು ಬರಹಗಳನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಿರ್ಜನ ದ್ವೀಪಕ್ಕೆ ಒಂದೇ ತಟ್ಟೆಯನ್ನು ಒಯ್ಯುವುದಾದರೆ ಯಾವುದನ್ನು ಆರಿಸುವಿರೆಂದು ಹಲವು ವಿಮರ್ಶಕರನ್ನು ಕೇಳಿ ಗ್ರೇಲ್ ಮಾರ್ಕಸ್ ಒಂದು ಗ್ರಂಥವನ್ನು ಸಂಪಾದಿಸಿದ. ಬ್ಯಾಂಗ್ಸ್ ಆರಿಸಿದ್ದು ಬೆಲ್‌ಫಾಸ್ಟಿನ ವ್ಯಾನ್ ಮಾರಿಸನ್ ಹಾಡಿದ, 1968ರ ‘ಆಸ್ಟ್ರಲ್ ವೀಕ್ಸ್’. ಜಾನಪದ ಧಾಟಿ, ಬ್ಲೂಸ್, ಪಿಟೀಲುಗಳ ಮೇಳ, ಅವುಗಳ ಅಡಿಯಲ್ಲಿ ರಿಚರ್ಡ್ ಡೇವಿಸನ ಜಾಸ್ ಮಂದ್ರ ವಾದ್ಯ. ಯಾವ ಜಾತಿಗೂ ಸೇರದ ತಟ್ಟೆ ಅದು. ಗದ್ದಲದ ವಕೀಲನೆಂದು ಹೆಸರಾದವನು ಇಷ್ಟು ಮೆಲುದನಿಯ ಹಾಡುಗಳನ್ನು ಆರಿಸಿದ್ದು ಹಲವರಿಗೆ ಬೆರಗು ತಂದಿತು. ತನ್ನ ಬದುಕು ಕುಸಿದಿದ್ದ ಕಾಲದಲ್ಲಿ ಆ ಹಾಡುಗಳಲ್ಲಿ ಅನ್ಯರ ನೋವಿನ ಬಗೆಗಿನ ಕರುಣೆಯನ್ನು ಕಂಡೆನೆಂಬುದು ಆತನ ಅನುಭವ.

ಇನ್ನೊಂದು ಬರಹ ‘ವಿಲೇಜ್ ವಾಯ್ಸ್’ ಪತ್ರಿಕೆಯಲ್ಲಿ ಬಂದದ್ದು. ನ್ಯೂಯಾರ್ಕಿನ ಪಂಕ್ ಸಂಗೀತದ ವಲಯದಲ್ಲಿ ಹಬ್ಬಿದ್ದ ವರ್ಣದ್ವೇಷವನ್ನು ಆತ ಅದರಲ್ಲಿ ಬಯಲಿಗೆಳೆದ. ಆ ವಲಯವನ್ನು ಎತ್ತಿ ಹಿಡಿದವರಲ್ಲಿ ಆತನೂ ಒಬ್ಬ. ಅಲ್ಲಿದ್ದವರು ಆತನ ಮಿತ್ರರು. ಕರಿಯರನ್ನು ಹೀಗಳೆಯುವ ಶಬ್ದಗಳನ್ನು ತಾನೂ ವಿನೋದವೆಂದು ಬಳಸಿದ್ದನ್ನು ಹೆಸರಿಸಿ ಒಪ್ಪಿಕೊಂಡ. ಸ್ನೇಹಗಳು ಕಳೆದಾವೆಂಬ ಅಳುಕಿದ್ದರೂ ಬರೆದ. ಬ್ಲ್ಯಾಕ್ ಸ್ಯಾಬತ್ತನ್ನು ಮರಳಿ ಕೇಳಿದ ಕಿವಿಯೇ ಇಲ್ಲಿ ತನ್ನ ಮಾತನ್ನೂ ಮರಳಿ ಕೇಳಿತೆಂದು ನನ್ನ ಭಾವನೆ.

1982ರ ಏಪ್ರಿಲ್ 30ರಂದು, ಮೂವತ್ತಮೂರನೆಯ ವಯಸ್ಸಿನಲ್ಲಿ, ನ್ಯೂಯಾರ್ಕಿನ ತನ್ನ ಮನೆಯಲ್ಲಿ ಆತ ತೀರಿಕೊಂಡ. ಜ್ವರವೆಂದು ತಾನೇ ತೆಗೆದುಕೊಂಡ ಔಷಧಿಗಳು ಒಂದರೊಡನೊಂದು ಸೇರಿ ಪ್ರಾಣಕ್ಕೆರವಾದವು. ಆ ಹೊತ್ತಿನಲ್ಲಿ ಗ್ರಾಮಫೋನಿನ ಮೇಲೆ ಇದ್ದದ್ದು ಶೆಫೀಲ್ಡಿನ ಹ್ಯೂಮನ್ ಲೀಗ್ ತಂಡದ ‘ಡೇರ್’ ಎಂದು ಹೇಳುತ್ತಾರೆ. ಅದು ಹಿಂದಿನ ವರ್ಷವಷ್ಟೇ ಬಂದ ತಟ್ಟೆ, ಸಿಂಥಸೈಸರುಗಳಿಂದ ಕಟ್ಟಿದ ಸಂಗೀತ. ಗಿಟಾರಿನ ಗರ್ಜನೆಗೆ ಅದರಲ್ಲಿ ಎಡೆಯೇ ಇಲ್ಲ.